ಜಪಾನಿನ ಮಕ್ಕಳ ಇಂಗ್ಲಿಷ್ ಶಾಲೆಯಲ್ಲಿ ಕೆಲಸ: ಸೇರೋ ಮುಂಚೆ ಏನೇನು ನೋಡಬೇಕು?

ಟೋಕಿಯೋದ ನಿಶಿ ಕಸಾಯ್ ಸುತ್ತಮುತ್ತ ಇರುವ ಕನ್ನಡದ ಮನೆಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಗಂಡ ಐಟಿಯಲ್ಲಿ, ಹೆಂಡತಿ ಊರಿನಲ್ಲಿ ಟೀಚರ್ ಆಗಿದ್ದವರು. ಸ್ಟೇಷನ್ ಎದುರಿನ ಮಕ್ಕಳ ಇಂಗ್ಲಿಷ್ ಶಾಲೆಯವರು ಕರೆಯುತ್ತಿದ್ದಾರೆ, ಸೇರಲಾ? ಬೆಂಗಳೂರು, ಮೈಸೂರಿನಿಂದಲೇ ನೇರವಾಗಿ ಅರ್ಜಿ ಹಾಕುವವರೂ ಇದನ್ನೇ ಕೇಳುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಇಬ್ಬರೂ ಮೊದಲು ನೋಡಬೇಕಾದ್ದು ಒಂದೇ: ಸಂಬಳ ಕೊಡುವವರು ಯಾರು?

ಇಂಥ ಶಾಲೆ ಫ್ರಾಂಚೈಸ್ ಆಗಿದ್ದರೆ ಹೆಸರು, ಪುಸ್ತಕ, ಹಾಡು, ಚಿತ್ರದ ಕಾರ್ಡು ಎಲ್ಲ ದೊಡ್ಡ ಕಂಪನಿಯದು. ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಮಾತ್ರ ಆ ಊರಿನ ಮಾಲೀಕರು. ಹಾಗಾಗಿ ಒಂದೇ ಬ್ರಾಂಡಿನ ಎರಡು ಶಾಲೆಗಳಲ್ಲಿ ಸಂಬಳ, ರಜೆ, ವಿಮೆ ಎಲ್ಲ ಬೇರೆ ಬೇರೆ ಇರಬಹುದು. ಒಪ್ಪಂದದ ಕೊನೆಯಲ್ಲಿ ಕೆಂಪು ಮುದ್ರೆ ಇರುತ್ತದಲ್ಲ, ಅದು ಯಾವ ಕಂಪನಿಯದು ಅಂತ ಓದಿಸಿಕೊಳ್ಳಿ. ಅಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ, ಎಷ್ಟು ವರ್ಷದಿಂದ ನಡೆಯುತ್ತಿದೆ, ಹಿಂದಿನ ಟೀಚರ್ ಯಾಕೆ ಬಿಟ್ಟರು ಅಂತಲೂ ಕೇಳಿ.

ದೊಡ್ಡ ಹೆಸರಿದ್ದರೆ ಭದ್ರ ಅಂದುಕೊಳ್ಳಬೇಡಿ. ಆ ಕಾಲಕ್ಕೆ ಜಪಾನಿನ ಅತಿ ದೊಡ್ಡ ಇಂಗ್ಲಿಷ್ ಶಾಲೆಗಳ ಸರಣಿಯಾಗಿದ್ದ ನೋವಾ 2007ರ ಅಕ್ಟೋಬರ್‌ನಲ್ಲಿ ಕುಸಿದುಬಿತ್ತು. ಸಾವಿರಾರು ವಿದೇಶಿ ಟೀಚರ್‌ಗಳಿಗೆ ಸಂಬಳ ಬರಲಿಲ್ಲ. ಬಾಡಿಗೆಯನ್ನು ಸಂಬಳದಲ್ಲಿ ಹಿಡಿದುಕೊಂಡ ಕಂಪನಿ ಮನೆ ಮಾಲೀಕರಿಗೆ ಕಟ್ಟಿರಲಿಲ್ಲ. ಹಾಗಾಗಿ ಕೆಲವರಿಗೆ ಮನೆ ಖಾಲಿ ಮಾಡುವ ನೋಟಿಸೂ ಬಂತು. 2010ರಲ್ಲಿ ಇಂಥದೇ ಇನ್ನೊಂದು ಸರಣಿ ಜಿಯೋಸ್‌ನ ಸರದಿ. ಇಷ್ಟು ಗೊತ್ತಿದ್ದೂ ಮನೆ, ವೀಸಾ, ಸಂಬಳ ಮೂರನ್ನೂ ಒಬ್ಬರ ಕೈಗೇ ಕೊಡುವುದು ಬೇಡ. ಸಾಧ್ಯವಾದರೆ ಮನೆಯನ್ನಾದರೂ ನೀವೇ ಬೇರೆ ಕಡೆ ಬಾಡಿಗೆಗೆ ಹಿಡಿಯಿರಿ.

ಈಗ ಡಿಪೆಂಡೆಂಟ್ ವೀಸಾದಲ್ಲಿ, ಅಂದರೆ ಗಂಡ ಅಥವಾ ಹೆಂಡತಿಯ ವೀಸಾದ ಆಧಾರದ ಮೇಲೆ ಇರುವವರ ಮಾತು. ಈ ವೀಸಾದಲ್ಲಿ ಸುಮ್ನೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಇಮಿಗ್ರೇಷನ್ ಕಚೇರಿಯಲ್ಲಿ ಅನುಮತಿ ಪಡೆಯಬೇಕು. ಅರ್ಜಿಗೆ ಶುಲ್ಕ ಇಲ್ಲ, ನಿಮ್ಮ ರೆಸಿಡೆನ್ಸ್ ಕಾರ್ಡಿನ ಹಿಂದೆ ಮುದ್ರೆ ಬೀಳುತ್ತದೆ. ಆಮೇಲೂ ವಾರಕ್ಕೆ 28 ಗಂಟೆ ಮಾತ್ರ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿ 28. ಮಾಲೀಕರು "ಒಂದೆರಡು ಗಂಟೆ ಜಾಸ್ತಿ ಆದರೆ ಪರವಾಗಿಲ್ಲ" ಅಂದರೆ ಒಪ್ಪಬೇಡಿ. ವೀಸಾ ನವೀಕರಣದ ಹೊತ್ತಿಗೆ ಉತ್ತರ ಕೊಡಬೇಕಾದವರು ನೀವು.

ಇನ್ನೊಂದು ಗೆರೆ ಇದೆ. ವರ್ಷದ ಆದಾಯ 13 ಲಕ್ಷ ಯೆನ್ ಮುಟ್ಟಿತು ಅಂದರೆ ಗಂಡನ ಆರೋಗ್ಯ ವಿಮೆಯಿಂದ ಹೊರಗೆ ಬಂದು ನಿಮ್ಮದೇ ವಿಮೆ, ಪಿಂಚಣಿ ಕಟ್ಟಬೇಕು. ಗಂಟೆಗೆ 1,500 ಯೆನ್ ಅಂದರೆ ವಾರಕ್ಕೆ 17 ಗಂಟೆಗೇ ಈ ಗೆರೆ ದಾಟುತ್ತೀರಿ. ಸ್ವಲ್ಪ ದಾಟಿದರೆ ಕೈಗೆ ಬರುವುದು ಕಡಿಮೆಯೇ ಆಗುತ್ತದೆ. ಒಂದೋ ಒಳಗೇ ಇರಿ, ಇಲ್ಲಾಂದ್ರೆ ಚೆನ್ನಾಗಿ ದಾಟಿ.

ಮನೆಯಲ್ಲೇ ತರಗತಿ ನಡೆಸುವ ಫ್ರಾಂಚೈಸ್‌ಗಳೂ ಇಲ್ಲಿ ಇವೆ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಇದು ಆಸೆ ಹುಟ್ಟಿಸುತ್ತದೆ. ಆದರೆ ಅದು ಸಂಬಳದ ಕೆಲಸ ಅಲ್ಲ, ನಿಮ್ಮದೇ ವ್ಯಾಪಾರ. 28 ಗಂಟೆಯ ಸಾಮಾನ್ಯ ಅನುಮತಿಯನ್ನು ನಂಬಿ ಶುರು ಮಾಡಬೇಡಿ. ಪ್ರತ್ಯೇಕ ಅನುಮತಿ ಬೇಕಾಗುತ್ತದೆ, ದುಡ್ಡು ಕಟ್ಟುವ ಮುಂಚೆ ಇಮಿಗ್ರೇಷನ್‌ನಲ್ಲಿ ಕೇಳಿ.

ಊರಿನಿಂದ ನೇರವಾಗಿ ಬರುವವರಿಗೆ ಸಾಮಾನ್ಯವಾಗಿ ಡಿಗ್ರಿ ಬೇಕಾಗುತ್ತದೆ. ಜೊತೆಗೆ ನಮ್ಮವರಲ್ಲಿ ಎಷ್ಟೋ ಜನ ಎಡವುವ ಜಾಗ ಒಂದಿದೆ. ಇಂಗ್ಲಿಷ್ ಮಾಧ್ಯಮದಲ್ಲಿ 12 ವರ್ಷ ಓದಿರಬೇಕು ಅನ್ನುವುದು ಇಲ್ಲಿನ ಸಾಮಾನ್ಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಇನ್‌ಸ್ಟ್ರಕ್ಟರ್ ವೀಸಾದ ನಿಯಮ. ಖಾಸಗಿ ಇಂಗ್ಲಿಷ್ ಶಾಲೆಗಳ ವೀಸಾ ಬೇರೆ, ಆದರೂ ಅನೇಕ ಕಂಪನಿಗಳು ಇದನ್ನೇ ಕೇಳುತ್ತವೆ. ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್‌ಗೆ ಬಂದವರಿಗೆ ಮೂರು ವರ್ಷದ ಡಿಗ್ರಿ ಮುಗಿಯುವ ಹೊತ್ತಿಗೆ ಲೆಕ್ಕ ಎಂಟೇ ವರ್ಷ. ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ಕಾಗದ ಹಾಗೆ ಹೇಳುವುದಿಲ್ಲ, ಅಲ್ವಾ? ಅರ್ಜಿ ಹಾಕುವ ದಿನವೇ ಇದನ್ನು ಹೇಳಿಬಿಡಿ. ಇಂಗ್ಲಿಷ್ ಮಾಧ್ಯಮದವರು ಶಾಲೆ, ಪಿಯು, ಕಾಲೇಜು ಮೂರು ಕಡೆಯಿಂದಲೂ ಮಾಧ್ಯಮದ ಬಗ್ಗೆ ಪತ್ರ ಬರೆಸಿಕೊಂಡು ಬನ್ನಿ. ಇಲ್ಲಿ ಕೂತು ತರಿಸುವುದು ದೊಡ್ಡ ಕಷ್ಟ.

ಹೀಗೆ ಕೆಲಸದ ವೀಸಾದಲ್ಲಿ ಬರುವವರು ಒಪ್ಪಂದದಲ್ಲಿ ವಾರಕ್ಕೆ "29.5 ಗಂಟೆ" ಅಂತ ಕಂಡರೆ ನಿಂತು ಯೋಚಿಸಿ. ವಾರಕ್ಕೆ 30 ಗಂಟೆ ಆದರೆ ಮಾಲೀಕರು ನಿಮ್ಮನ್ನು ಸಾಮಾಜಿಕ ವಿಮೆಗೆ (ಆರೋಗ್ಯ ವಿಮೆ, ಪಿಂಚಣಿ) ಸೇರಿಸಿ ಅರ್ಧ ಹಣ ಕಟ್ಟಬೇಕು. ಅದನ್ನು ತಪ್ಪಿಸಲು ಅರ್ಧ ಗಂಟೆ ಕಡಿಮೆ. 2024ರ ಅಕ್ಟೋಬರ್‌ನಿಂದ 51 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಂಪನಿಗಳಲ್ಲಿ, ತಿಂಗಳ ಸಂಬಳ 88,000 ಯೆನ್ ಇದ್ದರೆ, ಈ ಗೆರೆ 20 ಗಂಟೆಗೆ ಇಳಿದಿದೆ. ಆದರೆ ಫ್ರಾಂಚೈಸ್ ಮಾಲೀಕರ ಕಂಪನಿ ಎಷ್ಟೋ ಸಲ ಅದಕ್ಕಿಂತ ಚಿಕ್ಕದು. ಆಗ ಆರೋಗ್ಯ ವಿಮೆಯೂ ಪಿಂಚಣಿಯೂ ಪೂರ್ತಿ ನಿಮ್ಮ ತಲೆ ಮೇಲೆ. ಪಿಂಚಣಿ ಒಂದಕ್ಕೇ 2025ರಲ್ಲಿ ತಿಂಗಳಿಗೆ ಸುಮಾರು 17,500 ಯೆನ್ ಇತ್ತು. ಜಾಹೀರಾತಿನ 2.5 ಲಕ್ಷ ಯೆನ್ ಸಂಬಳದಲ್ಲಿ ಇದನ್ನು ಕಳೆದು ನೋಡಿ. ಜಪಾನಿನಲ್ಲಿ ನೀವಿರುವ ಊರಿನ ಆಡಳಿತಕ್ಕೆ ಕಟ್ಟುವ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬರುತ್ತದೆ. ಅಂದರೆ ಬಂದ ವರ್ಷ ಗೊತ್ತಾಗುವುದಿಲ್ಲ, ಎರಡನೇ ಅಥವಾ ಮೂರನೇ ವರ್ಷದ ಜೂನ್‌ನಲ್ಲಿ ಬಿಲ್ ಬಂದಾಗ ಎದೆ ಧಸಕ್ ಅನ್ನುತ್ತದೆ.

"ಗ್ಯೋಮು ಇತಾಕು" ಅಂತ ಬರೆದಿದ್ದರೆ ಇನ್ನೂ ಹುಷಾರು. ಅದರಲ್ಲಿ ನೀವು ಉದ್ಯೋಗಿಯೇ ಅಲ್ಲ, ಗುತ್ತಿಗೆದಾರರು. ಆರು ತಿಂಗಳಿಗೆ ಸಿಗುವ 10 ದಿನದ ಸಂಬಳ ಸಹಿತ ರಜೆ ಸಿಗುವುದಿಲ್ಲ. ಬರುವ ಹೊತ್ತು, ಮಾಡುವ ಪಾಠ ಎಲ್ಲ ಅವರೇ ಹೇಳಿ, ಕಾಗದದಲ್ಲಿ ಮಾತ್ರ ಗುತ್ತಿಗೆ ಅನ್ನುವುದು ನ್ಯಾಯ ಅಲ್ಲ. ನಾನಾದರೆ ಸಹಿ ಮಾಡುವುದಿಲ್ಲ.

ಕೆಲಸ ಹೇಗಿರುತ್ತದೆ? ಜಪಾನಿನ ಸರ್ಕಾರಿ ಶಾಲೆಗಳಲ್ಲಿ 2020ರಿಂದ ಐದು, ಆರನೇ ತರಗತಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವಾಗಿದೆ. ಹಾಗಾಗಿ ಅಪ್ಪ ಅಮ್ಮಂದಿರಿಗೆ ಅವಸರ. ಮಕ್ಕಳು ಶಾಲೆ ಮುಗಿಸಿ ಬರುವುದರಿಂದ ತರಗತಿ ಶುರುವಾಗುವುದೇ ಮಧ್ಯಾಹ್ನ ಮೂರರ ಮೇಲೆ, ಮನೆಗೆ ಬರುವಾಗ ರಾತ್ರಿ. ಶನಿವಾರ ಅತಿ ಹೆಚ್ಚು ಕೆಲಸ. ನಿಮಗೇ ಚಿಕ್ಕ ಮಕ್ಕಳಿದ್ದರೆ ಅವರು ಮನೆಯಲ್ಲಿ ಇರುವ ಹೊತ್ತಿಗೆ ಸರಿಯಾಗಿ ನೀವು ಇರುವುದಿಲ್ಲ. ಹಗುರವಾಗಿ ತಗೊಳ್ಳುವ ಮಾತಲ್ಲ ಇದು.

ಆಮೇಲೆ ತಾಯ್ಕೆನ್, ಅಂದರೆ ಹೊಸ ಮಗುವಿಗೆ ಮಾಡುವ ಪ್ರಾಯೋಗಿಕ ತರಗತಿ. ನಾಲ್ಕು ವರ್ಷದ ಮಗು ಅಮ್ಮನ ಕೋಟು ಬಿಡುವುದಿಲ್ಲ. ನೀವು ನೆಲದ ಮೇಲೆ ಕೂತು ಹಣ್ಣಿನ ಕಾರ್ಡು ಒಂದೊಂದೇ ತಿರುಗಿಸುತ್ತೀರಿ. ಕೊನೆಗೆ ಮಗು ಮೆಲ್ಲಗೆ "ಆಪುರು" ಅನ್ನುತ್ತದೆ. ನೀವು ಆಪಲ್ ಅಂತೀರಿ, ಅದು ಈ ಸಲ ನಿಮ್ಮ ಬಾಯಿ ನೋಡುತ್ತದೆ. ಹಿಂದೆ ಅಮ್ಮ ನೋಡುತ್ತಿದ್ದಾರೆ, ಮ್ಯಾನೇಜರ್ ಫಾರಂ ಹಿಡಿದು ನಿಂತಿದ್ದಾರೆ. ಆ ಮಗು ಸೇರಿತಾ ಇಲ್ಲವಾ ಅನ್ನುವುದು ಕೆಲವು ಕಡೆ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಪಾಠ ಹೇಳುವುದರಲ್ಲಿ ಖುಷಿ ಇದ್ದು ಮಾರಾಟದ ಒತ್ತಡ ಆಗದವರು ಇದನ್ನು ಸಂದರ್ಶನದಲ್ಲೇ ಕೇಳಿ. ಸಾಧ್ಯವಾದರೆ ಒಂದು ಶನಿವಾರ ಹೋಗಿ ಹಿಂದೆ ಕೂತು ನೋಡಿ. ನೋಡಲು ಬಿಡದ ಶಾಲೆ ನನಗೆ ಇಷ್ಟ ಆಗುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಡಿಪೆಂಡೆಂಟ್ ಆಗಿ ಇಲ್ಲೇ ಇದ್ದು ಮಕ್ಕಳೆಂದರೆ ಪ್ರೀತಿ ಇರುವವರು ಖಂಡಿತ ಸೇರಿ. ಜಪಾನೀಸ್ ಬರುತ್ತದೆ, ನೆರೆಹೊರೆ ಪರಿಚಯ ಆಗುತ್ತದೆ, ಮನಸ್ಸಿಗೆ ಬಲ ಬರುತ್ತದೆ. ಊರಿನಲ್ಲಿ ಒಳ್ಳೆ ಶಾಲೆಯ ಕಾಯಂ ಕೆಲಸ ಬಿಟ್ಟು ಇದೊಂದಕ್ಕೇ ಬರುವವರಿಗೆ ನಾನು ಬೇಡ ಅನ್ನುತ್ತೇನೆ. ಜಪಾನಿನಲ್ಲಿ 2024ರಲ್ಲಿ ಹುಟ್ಟಿದ ಮಕ್ಕಳು 7 ಲಕ್ಷಕ್ಕೂ ಕಡಿಮೆ. ಈ ಕೆಲಸದ ಬುಡವೇ ಕರಗುತ್ತಿದೆ.

ಬಂದಾಗಿದೆ, ಶಾಲೆ ಸರಿ ಇಲ್ಲ ಅನ್ನುವವರು ಹೆದರಬೇಡಿ. ವೀಸಾ ನಿಮ್ಮದು, ಮಾಲೀಕರದ್ದಲ್ಲ. ಕೆಲಸ ಬಿಟ್ಟ 14 ದಿನದೊಳಗೆ ಇಮಿಗ್ರೇಷನ್‌ಗೆ ತಿಳಿಸಿ, ಮೂರು ತಿಂಗಳೊಳಗೆ ಇನ್ನೊಂದು ಕೆಲಸ ಹುಡುಕಿ. ಮಧ್ಯದಲ್ಲಿ ಬಿಟ್ಟರೆ ಇಷ್ಟು ದಂಡ ಅಂತ ಒಪ್ಪಂದದಲ್ಲಿ ಮೊದಲೇ ಬರೆಯುವುದು ಇಲ್ಲಿನ ಕಾರ್ಮಿಕ ಕಾನೂನಿನ 16ನೇ ವಿಧಿಗೆ ವಿರುದ್ಧ. ಸಂಬಳ ಬಾಕಿ ಇಟ್ಟರೆ ಆ ಪ್ರದೇಶದ ಕಾರ್ಮಿಕ ಗುಣಮಟ್ಟ ಕಚೇರಿಗೆ ದೂರು ಕೊಡಿ. ಕಂಪನಿ ದಿವಾಳಿಯಾದರೆ ಬಾಕಿಯ ಶೇ. 80ರವರೆಗೆ, ಒಂದು ಮಿತಿಯೊಳಗೆ, ಸರ್ಕಾರದ ಯೋಜನೆಯಿಂದ ಸಿಗುತ್ತದೆ. ಅದಕ್ಕೆ ಸಂಬಳದ ಚೀಟಿಗಳು ಬೇಕು, ಪ್ರತಿ ತಿಂಗಳದ್ದೂ ಜೋಪಾನ ಮಾಡಿ.