ಕತೆಗೊಂದು ಪಾತ್ರ ಕಟ್ಟುವುದು ಹೇಗೆ?

ಹೊಸದಾಗಿ ಕತೆ ಬರೆಯುವವರು ಪಾತ್ರವನ್ನು ಮೂಗು, ಕಣ್ಣು, ಸೀರೆಯ ಬಣ್ಣದಿಂದ ಶುರು ಮಾಡುತ್ತಾರೆ. ಅದು ಆಮೇಲೆ ಬರಲಿ. ಮೊದಲು, ಈ ಮನುಷ್ಯನಿಗೆ ಈಗ ಏನು ಬೇಕು ಅಂತ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ.

ಧಾರವಾಡದಲ್ಲಿ ಖಾನಾವಳಿ ನಡೆಸುವ ಗಂಗವ್ವ ಎಂಬ ಪಾತ್ರ ಕಟ್ಟೋಣ. ಮಗಳ ಕಾಲೇಜು ಫೀಗೆ ಅವಳಿಗೆ ಈ ವಾರದೊಳಗೆ ರೊಕ್ಕ ಬೇಕು. ‘ಸುಖ ಬೇಕು’, ‘ನೆಮ್ಮದಿ ಬೇಕು’ ಅಂದರೆ ಕತೆ ಹೊರಡುವುದಿಲ್ಲ.

ಎರಡನೆಯದು, ಅಡ್ಡಿ. ಅದು ಪಾತ್ರದ ಒಳಗೇ ಇರಲಿ. ಎರಡು ತಿಂಗಳ ಬಾಕಿ ಉಳಿಸಿಕೊಂಡ ಹುಡುಗನೊಬ್ಬ ದಿನಾ ಊಟಕ್ಕೆ ಬರುತ್ತಾನೆ. ಉಣ್ಣಲು ಕೂತವರ ಹತ್ತಿರ ರೊಕ್ಕ ಕೇಳಬಾರದು ಅನ್ನುವುದು ಗಂಗವ್ವ ಪಾಲಿಸಿಕೊಂಡು ಬಂದ ಮಾತು. ಬೇಕು, ಆದರೆ ಕೇಳಲಾರಳು. ಪಾತ್ರಕ್ಕೆ ಜೀವ ಬರುವುದು ಇಲ್ಲೇ.

ಈಗ ಅವಳನ್ನು ಮಾತಾಡಿಸಿ. ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಗಂಗವ್ವ ‘ಬಾಕಿ ಕೊಡು’ ಅನ್ನುವುದಿಲ್ಲ. ರೊಟ್ಟಿ ಹಾಕುತ್ತಾ, “ತಮ್ಮಾ, ಊರಿಂದ ಅಪ್ಪಾರು ಯಾವಾಗ ಬರ್ತಾರಪಾ?” ಅನ್ನುತ್ತಾಳೆ. ಹುಡುಗನಿಗೆ ತಿಳಿಯುತ್ತದೆ, ಓದುವವರಿಗೂ ತಿಳಿಯುತ್ತದೆ. ‘ಗಂಗವ್ವ ಸಂಕೋಚದವಳು’ ಎಂಬ ಸಾಲು ಇನ್ನು ಬೇಡ, ಅಲ್ವಾ? ನೀವು ಕಿವಿಯಾರೆ ಕೇಳದ ಊರಿನ ಮಾತನ್ನು ಮಾತ್ರ ಬರೆಯಬೇಡಿ. ಸುಮ್ನೆ ‘ರೀ’ ಸೇರಿಸಿದರೆ ಅದು ಧಾರವಾಡದ ಕನ್ನಡ ಆಗುವುದಿಲ್ಲ. ಬರೆದದ್ದನ್ನು ಜೋರಾಗಿ ಓದಿ ನೋಡಿ.

ಹೆಸರನ್ನು ಸುತ್ತಲಿನ ಜನರ ಬಾಯಿಂದ ಆರಿಸಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಯ ಜೊತೆ ಹುಲಿಯ ಎಂಬ ನಾಯಿ ಇರುತ್ತದೆ. ಹಾಗಾಗಿ ಅವನು ನಾಯಿಗುತ್ತಿ. ಹೆಸರು ಓದಿದಾಗಲೇ ಇಬ್ಬರೂ ಕಣ್ಣೆದುರು ಬರುತ್ತಾರೆ.

ಕೊನೆಗೆ ಪಾತ್ರವನ್ನು ಇಕ್ಕಟ್ಟಿಗೆ ಸಿಕ್ಕಿಸಿ. ಹುಡುಗ ಒಂದು ದಿನ ಬಾಕಿ ತಂದು ಮುಂದಿಡುತ್ತಾನೆ. ಅದು ಅವನ ಪರೀಕ್ಷೆ ಫೀ ಅಂತ ಗಂಗವ್ವನಿಗೆ ಗೊತ್ತಾಗುತ್ತದೆ. ತಗೊಳ್ಳುತ್ತಾಳೋ, ಬಿಡುತ್ತಾಳೋ? ಎರಡೂ ಸರಿಯೇ. ಒಳ್ಳೆಯವಳು ಅನ್ನಿಸಲಿ ಅಂತಲೇ ವಾಪಸ್ ಕೊಡಿಸಬೇಡಿ, ನನಗೆ ಅಂಥ ಕತೆಗಳು ಸುಳ್ಳು ಅನ್ನಿಸುತ್ತವೆ. ತಗೊಂಡಳು ಅಂದರೆ, ಮಗಳು ಹೋದ ವರ್ಷವೂ ಫೀ ಇಲ್ಲದೆ ಮನೆಯಲ್ಲೇ ಉಳಿದಿದ್ದಳು ಅನ್ನುವುದು ಮೊದಲ ಪುಟದಲ್ಲೇ ಇರಬೇಕು. ಇಲ್ಲದಿದ್ದರೆ ಹಿಂದಕ್ಕೆ ಹೋಗಿ ಸೇರಿಸಿ.