‘ಸಾಮಾನು’ ಎಂಬ ಒಂದೇ ಮಾತನ್ನು ಇಂಗ್ಲಿಷಿಗೆ ತಂದ ನನ್ನ ಅನುಭವ

ಕಲಬುರಗಿಯಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ, ಕೆಳಗಿನ ನ್ಯಾಯಾಲಯಗಳ ಕನ್ನಡ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರುವ ಕೆಲಸ ಈ ಊರಿನಲ್ಲೇ ದೊರೆಯತೊಡಗಿತು. ನಾನು ಹನ್ನೊಂದು ವರ್ಷಗಳಿಂದ ವಕೀಲರಿಗೆ ಈ ಅನುವಾದ ಮಾಡಿಕೊಡುತ್ತಿದ್ದೇನೆ. ಸಾಕ್ಷಿಗಳ ಹೇಳಿಕೆಗಿಂತ ನನಗೆ ಹೆಚ್ಚು ತೊಡಕಾದವು ಪಂಚನಾಮೆ ಮತ್ತು ಜಪ್ತಿ ಪಟ್ಟಿಗಳು. ಅವುಗಳಲ್ಲಿ ‘ಸಾಮಾನು’ ಎಂಬ ಒಂದೇ ಶಬ್ದ ಅಡಿಗೆಮನೆಯ ಬಾಂಡೆಗೂ, ಬಡಿಗನ ಉಳಿಗೂ, ರೈಲಿನಲ್ಲಿ ಕಳೆದ ಗಂಟಿಗೂ, ತೀರಿಹೋದವನ ಜೇಬಿನಲ್ಲಿದ್ದ ಮೊಬೈಲಿಗೂ ಸಲ್ಲುತ್ತದೆ. ಇಂಗ್ಲಿಷ್ ಈ ನಾಲ್ಕನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತದೆ.

ಮೊದಲ ವರ್ಷ ನಾನು ಮಾಡಿದ ಒಂದು ತಪ್ಪು ಇಂದಿಗೂ ನೋಯಿಸುತ್ತದೆ. ಹೊಡೆದಾಟದ ಪ್ರಕರಣವೊಂದರ ಪಂಚನಾಮೆಯಲ್ಲಿ, ಆರೋಪಿಯ ಮನೆಯ ಪಡಸಾಲೆಯಲ್ಲಿ ಹತಾರಗಳ ಚೀಲ ಇತ್ತೆಂದು ಬರೆದಿತ್ತು. ಹಿಂದಿಯ ‘ಹಥಿಯಾರ್’ ಕಿವಿಯಲ್ಲಿದ್ದ ನಾನು ಅದನ್ನು ‘ವೆಪನ್ಸ್’ ಎಂದು ಅನುವಾದಿಸಿದೆ. ಆರೋಪಿ ಬಡಿಗತನ ಮಾಡುವವನು. ನಮ್ಮ ಕಡೆ ಬಡಿಗನ ಹತಾರ ಎಂದರೆ ಉಳಿ, ಬಾಚಿ, ಗರಗಸ, ಕೊಡತಿ. ಕರಡು ಓದಿದ ಹಿರಿಯ ವಕೀಲರು, “ಅದು ಅವನ ಹೊಟ್ಟಿಪಾಡಿನ ಚೀಲರಿ. ನೀವು ಬರದಿದ್ದು ಓದಿದ್ರ, ಬಡಿದಾಟಕ್ಕ ತಯಾರಾಗಿ ಕುಂತಿದ್ದ ಅಂತ ಆಗ್ತದ” ಎಂದರು. ‘ಟೂಲ್ಸ್’ ಎಂದು ತಿದ್ದಿ ಹೊಸ ಪ್ರತಿ ಕೊಟ್ಟೆ. ಆ ದಿನದಿಂದ ಶಬ್ದಕೋಶ ತೆರೆಯುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ವಸ್ತು ಯಾರದು, ಆ ಹೊತ್ತಿನಲ್ಲಿ ಅದು ಯಾರ ವಶದಲ್ಲಿತ್ತು ಮತ್ತು ಅವರು ಅದರಿಂದ ಏನು ಮಾಡುತ್ತಿದ್ದರು?

ಜಪ್ತಿಯ ಪ್ರಕರಣಗಳಲ್ಲಿ ಈ ಪ್ರಶ್ನೆಗೆ ಕಾನೂನಿನ ತೂಕವೂ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು, ಡಿಕ್ರಿಯ ಸಾಲಕ್ಕಾಗಿ ಯಾವ ಸ್ವತ್ತನ್ನು ಜಪ್ತಿ ಮಾಡಬಾರದೆಂದು ಹೇಳುವಾಗ, ಅವಶ್ಯಕ ಉಡುಪು, ಅಡಿಗೆ ಪಾತ್ರೆ, ಹಾಸಿಗೆ ಹೊದಿಕೆಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಅದೇ ಕಲಮಿನಲ್ಲಿ ಕುಶಲಕರ್ಮಿಯದು ‘ಟೂಲ್ಸ್’, ರೈತನದು ‘ಇಂಪ್ಲಿಮೆಂಟ್ಸ್ ಆಫ್ ಹಸ್ಬಂಡ್ರಿ’. ತೊಗರಿ ಬೆಳೆಯುವ ರೈತನ ಕೂರಿಗೆ, ಕುಂಟಿ, ನೊಗ, ಮಿಣಿಗಳನ್ನು ‘ಎಕ್ವಿಪ್‌ಮೆಂಟ್’ ಎಂದರೆ ಇಂಗ್ಲಿಷ್ ತಪ್ಪಾಗುವುದಿಲ್ಲ. ಆದರೆ ಕಾಯ್ದೆಯ ಶಬ್ದವನ್ನೇ ಇಟ್ಟರೆ, ವಿನಾಯಿತಿಯ ಪ್ರಶ್ನೆ ಓದುವವರ ಕಣ್ಣಿಗೆ ತಾನಾಗಿ ಬೀಳುತ್ತದೆ. ಬೀದರಿನ ಬಿದರಿ ಕಸುಬುದಾರರೊಬ್ಬರ ಪಟ್ಟಿ ನನ್ನ ಬಳಿ ಬಂದಾಗ, ‘ಕಸುಬಿನ ಸಾಮಾನು’ ಎಂಬ ಒಂದೇ ತಲೆಬರಹದ ಕೆಳಗೆ ಎಲ್ಲವೂ ಇದ್ದವು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಚಿತ್ತಾರ ಕೊರೆಯುವ ಉಳಿಗಳು, ಸುತ್ತಿಗೆಗಳು ‘ಟೂಲ್ಸ್’ ಆಗುತ್ತವೆ. ಅದರಲ್ಲಿ ಕೂರಿಸಬೇಕಾದ ಬೆಳ್ಳಿ ತಂತಿಯ ಸುರುಳಿ ಕಚ್ಚಾ ಮಾಲು. ಅರ್ಧ ಮುಗಿದ ಹೂಜಿ ಮಾರಾಟಕ್ಕೆ ಹೋಗುವ ಸರಕು. ತಲೆಬರಹವನ್ನು ಮೂಲದಂತೆ ಒಂದೇ ಆಗಿ ಉಳಿಸಿ, ಕೆಳಗಿನ ಪ್ರತಿಯೊಂದು ವಸ್ತುವಿಗೂ ಅದರದೇ ಹೆಸರು ಬರೆದೆ. ಅನುವಾದಕನು ಪಟ್ಟಿಯನ್ನು ಹೊಸದಾಗಿ ವಿಂಗಡಿಸಬಾರದು, ಆದರೆ ಮಬ್ಬಾಗಿಸಲೂ ಬಾರದು.

ಪ್ರಯಾಣದ ಸಾಮಾನು ‘ಲಗೇಜ್’. ಭಾರವಾದದ್ದನ್ನು ಕಷ್ಟಪಟ್ಟು ಎಳೆಯುವುದು ಎಂಬರ್ಥದ ‘ಲಗ್’ ಎಂಬ ಕ್ರಿಯಾಪದದಿಂದ ಹುಟ್ಟಿದ ಶಬ್ದ ಅದು. ಮನೆಯಲ್ಲಿರುವಾಗ ಅದೇ ಟ್ರಂಕು ‘ಬಿಲಾಂಗಿಂಗ್ಸ್’. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಹತ್ತಿದರೆ ‘ಲಗೇಜ್’. 1989ರ ರೈಲ್ವೆ ಕಾಯ್ದೆಯ ಪ್ರಕಾರ ರಸೀದಿ ಪಡೆದು ಒಪ್ಪಿಸಿದ ಲಗೇಜಿನ ಹೊಣೆ ಬೇರೆ, ಪ್ರಯಾಣಿಕನೇ ತನ್ನ ವಶದಲ್ಲಿಟ್ಟುಕೊಂಡದ್ದರ ಹೊಣೆ ಬೇರೆ; ಎರಡನೆಯದರಲ್ಲಿ ರೈಲ್ವೆಯ ಕಡೆಯಿಂದ ನಿರ್ಲಕ್ಷ್ಯ ಅಥವಾ ದುರ್ನಡತೆ ನಡೆದದ್ದು ಸಾಬೀತಾಗಬೇಕು. ಆದ್ದರಿಂದ ‘ಜೊತೆಗಿದ್ದ’ ಎಂಬ ಪದವನ್ನು ನಾನು ಎಂದೂ ಕೈಬಿಡುವುದಿಲ್ಲ. ವ್ಯಾಕರಣದ ಮಾತು ಒಂದಿಷ್ಟಿದೆ. ‘ಲಗೇಜ್’, ‘ಎಕ್ವಿಪ್‌ಮೆಂಟ್’ ಇವಕ್ಕೆ ಬಹುವಚನದ ‘ಸ್’ ಹಚ್ಚುವುದು ನಮ್ಮಲ್ಲಿ ರೂಢಿಯಾಗಿದ್ದರೂ ಶಿಷ್ಟ ಇಂಗ್ಲಿಷಿಗೆ ಒಗ್ಗುವುದಿಲ್ಲ. ‘ಬಿಲಾಂಗಿಂಗ್ಸ್’ ಸದಾ ಬಹುವಚನ, ಆದರೂ ಅದರ ಹಿಂದೆ ‘ಮೂರು’ ಎಂದು ಸಂಖ್ಯೆ ಹಾಕುವುದಿಲ್ಲ. ಪಟ್ಟಿಯಲ್ಲಿ ಎಣಿಕೆ ಬೇಕಾದಾಗ ನಾನು ‘ಆರ್ಟಿಕಲ್ಸ್’ ಬಳಸುತ್ತೇನೆ.

ಸ್ತ್ರೀಧನದ ಪ್ರಕರಣವೊಂದರಲ್ಲಿ ‘ಪ್ಯಾರಾಫರ್ನೇಲಿಯಾ’ ಎಂದು ಬರೆಯುವ ಆಸೆಯಾಗಿತ್ತು. ಗ್ರೀಕ್ ಮೂಲದ ಆ ಶಬ್ದದ ಮೊದಲ ಅರ್ಥ, ವರದಕ್ಷಿಣೆಯ ಹೊರತಾಗಿ ವಧುವಿನದೇ ಆಗಿ ಉಳಿಯುವ ಸ್ವತ್ತು. ನಮ್ಮ ಸ್ತ್ರೀಧನಕ್ಕೆ ಅಷ್ಟು ಹತ್ತಿರದ ಇಂಗ್ಲಿಷ್ ಶಬ್ದ ನಾನು ಬೇರೆ ಕಂಡಿಲ್ಲ. ಆದರೆ ಇಂದಿನ ಓದುಗರಿಗೆ ಅದು ಯಾವುದೋ ಚಟುವಟಿಕೆಯ ಸಣ್ಣಪುಟ್ಟ ಸಲಕರಣೆ, ಅದರಲ್ಲೂ ಮಾದಕವಸ್ತು ಸೇವನೆಯ ಸಲಕರಣೆ. ಆ ತಾಯಿಯ ಬೋರಮಾಳ ಸರವನ್ನು ಅಂಥ ಶಬ್ದದ ಕೆಳಗೆ ಇಡಲು ಮನಸ್ಸು ಒಪ್ಪಲಿಲ್ಲ. ಸುಪ್ರೀಂ ಕೋರ್ಟು 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ‘ಸ್ತ್ರೀಧನ’ ಎಂಬ ಶಬ್ದವನ್ನೇ ಬಳಸಿರುವುದರಿಂದ, ನಾನೂ ಅದನ್ನೇ ಉಳಿಸಿಕೊಂಡೆ.

ಕಳೆದ ವರ್ಷ ಯಾದಗಿರಿ ಕಡೆಯ ಹಳ್ಳಿಯೊಂದರಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ ತರುಣನೊಬ್ಬ ತೀರಿಕೊಂಡ. ಪರಿಹಾರದ ಅರ್ಜಿಗಾಗಿ ಕಾಗದಗಳು ನನ್ನ ಕೈಗೆ ಬಂದವು. ಕೆಲಸ ಕೊಟ್ಟವರ ಇಂಗ್ಲಿಷ್ ಪತ್ರದಲ್ಲಿ ‘ಪರ್ಸನಲ್ ಎಫೆಕ್ಟ್ಸ್’ ಎಂದಿದ್ದುದನ್ನು ಯಾರೋ ಯಂತ್ರದಿಂದ ‘ವೈಯಕ್ತಿಕ ಪರಿಣಾಮಗಳು’ ಎಂದು ಕನ್ನಡಿಸಿ ಮನೆಯವರಿಗೆ ಕೊಟ್ಟಿದ್ದರು. ಅದನ್ನು ಹಿಡಿದುಕೊಂಡು ಬಂದಿದ್ದ ಅವನ ತಾಯಿ, “ಇದರಾಗ ನನ್ನ ಮಗಂದು ಏನ್ ಬರದಾರಪ್ಪ?” ಎಂದು ಕೇಳಿದರು. ತೀರಿದವನು ಬಿಟ್ಟುಹೋದ ಸ್ವಂತ ವಸ್ತುಗಳನ್ನು ಇಂಗ್ಲಿಷಿನಲ್ಲಿ ಹಾಗೆ ಕರೆಯುತ್ತಾರೆಂದು ಹೇಳಿ, “ಅವನ ಮೈಮ್ಯಾಲಿನವು, ಜೋಡಿ ಇದ್ದವು ಅಂತ ಬರದಾರಮ್ಮ” ಎಂದೆ. ಅದರೊಂದಿಗಿದ್ದ ಕನ್ನಡ ಪಂಚನಾಮೆಯನ್ನು ಇಂಗ್ಲಿಷಿಗೆ ತರುವಾಗ ತಲೆಬರಹಕ್ಕೆ ‘ಪರ್ಸನಲ್ ಎಫೆಕ್ಟ್ಸ್’ ಎಂದೇ ಬರೆದೆ. ಪಟ್ಟಿಯ ಕೊನೆಯಲ್ಲಿ ‘ರೊಟ್ಟಿ ಕಟ್ಟಿದ ವಸ್ತ್ರ 1’ ಎಂದಿತ್ತು. ಜೊತೆಗಿದ್ದ ಕಿರಿಯ ವಕೀಲರು ಅದನ್ನು ‘ಇತರೆ’ಯಲ್ಲಿ ಸೇರಿಸಿದರಾಯಿತು ಎಂದರು. ನಾನು ಸೇರಿಸಲಿಲ್ಲ, ರೊಟ್ಟಿಯ ಹೆಸರನ್ನೂ ಬಿಡದೆ, ಅದಕ್ಕೊಂದು ಬೇರೆ ಸಾಲು ಕೊಟ್ಟೆ.