ಸಾಲದಿಂದ ಬೋರಿನವರೆಗೆ: ನನ್ನ ಸಂಶೋಧನಾ ಪ್ರಶ್ನೆ ರೂಪುಗೊಂಡ ಬಗೆ

ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಾಗ ನಾನು ಮಾರ್ಗದರ್ಶಕರ ಮುಂದಿಟ್ಟ ಶೀರ್ಷಿಕೆ ‘ಕೋಲಾರ ಜಿಲ್ಲೆಯ ರೈತರ ಸಾಲಬಾಧೆ: ಒಂದು ಸಮಾಜಶಾಸ್ತ್ರೀಯ ಅಧ್ಯಯನ’ ಎಂಬುದಾಗಿತ್ತು. ಅವರು ಅದನ್ನು ಎರಡು ಬಾರಿ ಓದಿ, ‘ವಿಷಯವೇನೋ ಸರಿ. ಇದರಲ್ಲಿ ನಿಮಗೆ ಗೊತ್ತಿಲ್ಲದೆ ಇರುವುದು ಏನು? ಅದನ್ನು ಒಂದು ವಾಕ್ಯದಲ್ಲಿ ಬರೆದುಕೊಂಡು ಬನ್ನಿ’ ಎಂದು ಹಾಳೆಯನ್ನು ಹಿಂತಿರುಗಿಸಿದರು. ಆ ಒಂದು ವಾಕ್ಯಕ್ಕೆ ನನಗೆ ಎಂಟು ತಿಂಗಳು ಹಿಡಿಯಿತು.

ನಮ್ಮಲ್ಲಿ ಬಹಳಷ್ಟು ಜನ ಮಾಡುವಂತೆ ನಾನೂ ಮೊದಲು ಜಿಲ್ಲೆಯನ್ನು ತೆಗೆದು ಆ ಜಾಗದಲ್ಲಿ ಶ್ರೀನಿವಾಸಪುರ ತಾಲ್ಲೂಕನ್ನು ಬರೆದೆ. ಊರು ಚಿಕ್ಕದಾಯಿತು, ಪ್ರಶ್ನೆ ಮಾತ್ರ ಹುಟ್ಟಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನಲ್ಲಿ, ಅಂದರೆ 2019ರಲ್ಲಿ, ರೈತ ಕುಟುಂಬಗಳ ಸಾಲದ ವಿವರವನ್ನು ಸಂಗ್ರಹಿಸಿದ್ದರಿಂದ ಅದನ್ನೇ ಆಧಾರವಾಗಿಟ್ಟುಕೊಳ್ಳಬಹುದೆಂದು ಭಾವಿಸಿದ್ದೆ. ಆದರೆ ಆ ಸಮೀಕ್ಷೆ ರಾಜ್ಯಮಟ್ಟದ ಅಂದಾಜಿಗಾಗಿ ರೂಪಿಸಿದ್ದು, ಒಂದು ತಾಲ್ಲೂಕಿನ ಚಿತ್ರವನ್ನು ಅದರಿಂದ ಎಳೆದು ತೆಗೆಯಲು ಬರುವುದಿಲ್ಲ. ಎರಡನೆಯ ಪ್ರಯತ್ನದಲ್ಲಿ ‘ಕೊಳವೆಬಾವಿಗಳು ಬತ್ತುತ್ತಿರುವುದು ಸಾಲಕ್ಕೆ ಕಾರಣವೇ?’ ಎಂದು ಬರೆದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ಅಂತರ್ಜಲವನ್ನು ಮಿತಿಮೀರಿ ಬಳಸಿಕೊಂಡ ಜಿಲ್ಲೆಯಲ್ಲಿ ಈ ಮಾತನ್ನು ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ಉತ್ತರ ಮೊದಲೇ ಗೊತ್ತಿರುವುದನ್ನು ಕೇಳಲು ಮೂರು ವರ್ಷ ಬೇಕಾಗಿಲ್ಲ.

ದಾರಿ ಸಿಕ್ಕಿದ್ದು 74 ಪ್ರಶ್ನೆಗಳ ನಮೂನೆಯನ್ನು ಹಿಡಿದು ಪೂರ್ವಪರೀಕ್ಷೆಗೆ ಹೋದಾಗ. ಮೊದಲು ಹೋದ ಎರಡು ಹಳ್ಳಿಗಳಲ್ಲಿ ಎತ್ತ ನೋಡಿದರೂ ಮಾವಿನ ತೋಪು. ಮಾವು ಹೆಚ್ಚಾಗಿ ಮಳೆಯನ್ನೇ ನಂಬಿದ ಬೆಳೆಯಾದ್ದರಿಂದ ಅಲ್ಲಿ ಬೋರಿನ ಪ್ರಶ್ನೆಗಳಿಗೆ ಜೀವವೇ ಇರಲಿಲ್ಲ. ಮೂರನೆಯದು ಟೊಮೆಟೊ ಬೆಳೆಯುವ ಊರು. ಅಲ್ಲಿಯ ಒಂದು ಮನೆಯ ಜಗುಲಿಯಲ್ಲಿ ಕುಳಿತು ಯಜಮಾನರನ್ನು ‘ಸಾಲ ಎಷ್ಟಿದೆ?’ ಎಂದು ಕೇಳಿದಾಗ ಅವರು ಸೊಸೈಟಿಯ ಬೆಳೆಸಾಲವನ್ನಷ್ಟೇ ಹೇಳಿ ತೋಟಕ್ಕೆ ಹೊರಟರು. ಅವರ ಹೆಂಡತಿ ನೀರು ತಂದುಕೊಟ್ಟು ಪಕ್ಕದಲ್ಲೇ ಕುಳಿತಿದ್ದರು. ಆ ಸೀಮೆಯ ಹಲವು ಮನೆಗಳಂತೆ ಅಲ್ಲಿಯೂ ಮನೆಮಾತು ತೆಲುಗು. ಸಾಲಕ್ಕೆ ತೆಲುಗಿನಲ್ಲಿ ಹೇಳುವಂತೆ ನಾನು ‘ಅಪ್ಪು’ ಎಂದು ಬಿಡಿಸಿ ಕೇಳಿದ ಮೇಲೆ ಕೈಸಾಲವೂ, ಅಡವಿಟ್ಟ ಒಡವೆಯೂ ಹೊರಬಂದವು. ಸಂಘದಿಂದ ಏನೂ ತೆಗೆದುಕೊಂಡಿಲ್ಲವೇ ಎಂದಾಗ ಆಕೆ, ‘ಅದು ಸಾಲ ಅಲ್ಲ ಮೇಡಂ, ಸಂಘದ ದುಡ್ಡು. ವಾರ ವಾರ ನಾನೇ ಕಟ್ತೀನಿ’ ಎಂದರು. ಪ್ಲಾಸ್ಟಿಕ್ ಕವರಿನಿಂದ ತೆಗೆದ ಪುಸ್ತಕದಲ್ಲಿ ಉದ್ದೇಶವೆಂಬಲ್ಲಿ ‘ಹಸು ಖರೀದಿ’ ಎಂದಿತ್ತು. ಕೊಟ್ಟಿಗೆ ಖಾಲಿ ಇತ್ತು. ಹಣ ಹೋದದ್ದು ಎರಡನೆಯ ಬೋರಿಗೆ, ಅದರಲ್ಲಿ ಬಂದದ್ದು ಬರೀ ಧೂಳು.

ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ನಬಾರ್ಡಿನ ಕಾರ್ಯಕ್ರಮ 1992ರಲ್ಲಿಯೂ, ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿಯೂ ಆರಂಭವಾದವು ಎಂಬುದನ್ನು ಓದಿದ್ದೆ. ಮಹಿಳಾ ಸಬಲೀಕರಣದ ಅಧ್ಯಾಯಕ್ಕೂ ಅಂತರ್ಜಲದ ಅಧ್ಯಾಯಕ್ಕೂ ಒಂದೇ ಮನೆಯ ಬಾಗಿಲಿನಲ್ಲಿ ಗಂಟು ಬಿದ್ದಿರುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಬಸ್ಸಿನಲ್ಲಿ ಕೋಲಾರಕ್ಕೆ ಮರಳುವಾಗಲೇ ಬರೆದುಕೊಂಡೆ: ಬೋರು ಕೈಕೊಟ್ಟ ಕುಟುಂಬಗಳಲ್ಲಿ ಮುಂದಿನ ಬೋರಿಗೆ ಹೆಂಗಸರ ಹೆಸರಿನ ಸಂಘದ ಹಣ ಎಷ್ಟು ಹೋಯಿತು, ಆ ತೀರ್ಮಾನದಲ್ಲಿ ಅವರ ಮಾತು ಎಷ್ಟು ನಡೆಯಿತು?

ಮಾರ್ಗದರ್ಶಕರು ಇದನ್ನು ಒಪ್ಪಿದರು, ಒಪ್ಪಿದ ಮೇಲೆ ಇನ್ನೂ ಹಿಂಡಿದರು. ‘ಕೈಕೊಟ್ಟ’ ಎಂದರೇನು ಎಂಬುದೇ ಮೊದಲ ತಕರಾರು. ಕೊರೆಸಿದ ದಿನವೇ ನೀರು ಬಾರದ್ದನ್ನು ಊರಿನವರು ‘ಫೇಲಾದ ಬೋರು’ ಎನ್ನುತ್ತಾರೆ, ಕೆಲವು ವರ್ಷ ನೀರು ಕೊಟ್ಟು ಬತ್ತಿದ್ದನ್ನು ‘ನಿಂತುಹೋದ ಬೋರು’ ಎನ್ನುತ್ತಾರೆ. ಎರಡನೆಯದರಲ್ಲಿ ಹಾಕಿದ ದುಡ್ಡು ಅಷ್ಟಿಷ್ಟು ಮರಳಿರುತ್ತದೆ, ಮೊದಲನೆಯದರಲ್ಲಿ ಒಂದು ಬೆಳೆಯೂ ಇಲ್ಲ. ಇವೆರಡನ್ನು ಒಂದೇ ಕಲಮಿಗೆ ಹಾಕಿದ್ದರೆ ಲೆಕ್ಕವೆಲ್ಲ ಕೆಡುತ್ತಿತ್ತು. ಆದ್ದರಿಂದ ಫೇಲಾದವನ್ನಷ್ಟೇ, ಅದೂ ಹಿಂದಿನ ಐದು ವರ್ಷಗಳಲ್ಲಿ ಕೊರೆಸಿದವನ್ನು ಇಟ್ಟುಕೊಂಡೆ. ಸರ್ಕಾರವೇ ಕೊರೆಸಿಕೊಡುವ ಗಂಗಾಕಲ್ಯಾಣದ ಬೋರುಗಳನ್ನು ಕೈಬಿಟ್ಟೆ, ಏಕೆಂದರೆ ಅಲ್ಲಿ ಕೊರೆಯುವ ಖರ್ಚಿಗೆ ಮನೆಯವರು ಸಾಲ ಹುಡುಕುವ ಸಂದರ್ಭವೇ ಬೇರೆ. ಮಾವಿನ ಊರುಗಳೂ ಹೋದವು. ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡಿದ್ದ ನಾನು ಈಗ ಪ್ರಶ್ನೆಗೆ ಹೊಂದುವ ಊರುಗಳನ್ನು ಹುಡುಕತೊಡಗಿದ್ದೆ.

‘ಮಾತು ಎಷ್ಟು ನಡೆಯಿತು’ ಎಂಬುದು ಇದಕ್ಕಿಂತ ಕಷ್ಟ ಕೊಟ್ಟಿತು. ‘ನಿಮ್ಮನ್ನು ಕೇಳಿದರಾ?’ ಎಂದರೆ ಎಲ್ಲರೂ ‘ಕೇಳಿದರು’ ಎನ್ನುತ್ತಾರೆ, ಗಂಡ ಎದುರಿಗಿದ್ದರಂತೂ ಬೇರೆ ಉತ್ತರವೇ ಇಲ್ಲ. ಅದನ್ನು ಕಣ್ಣಿಗೆ ಕಾಣುವ ಸಂಗತಿಗಳಾಗಿ ಒಡೆದೆ: ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಿದ್ದು ಯಾರು, ಬೋರ್‌ವೆಲ್ ಲಾರಿಯವರ ಹತ್ತಿರ ಅಡಿಗಿಷ್ಟೆಂದು ದರ ಮಾತನಾಡಿದ್ದು ಯಾರು, ನೀರು ಬಾರದಿದ್ದಾಗ ಇನ್ನೂ ನೂರು ಅಡಿ ಹೋಗೋಣ ಎಂದದ್ದು ಯಾರು, ಈಗ ಕಂತು ಕಟ್ಟುತ್ತಿರುವುದು ಯಾರ ಕೂಲಿಯಿಂದ. ಹೆಂಗಸರನ್ನು ಬೇರೆಯಾಗಿ, ಸಾಧ್ಯವಾದಷ್ಟೂ ಹೊಲದಲ್ಲಿಯೇ ಮಾತನಾಡಿಸಿದೆ. ಪುಸ್ತಕದಲ್ಲಿ ಹಸು ಎಂದು ಬರೆಸಿ ಬೋರಿಗೆ ಹಾಕಿದ್ದು ಸಂಘಕ್ಕೆ ತಿಳಿದರೆ ಅವರಿಗೇ ತೊಂದರೆಯಾದ್ದರಿಂದ ಸಂಘದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಕೊನೆಯ ನಮೂನೆಯಲ್ಲಿ ಉಳಿದದ್ದು 19 ಪ್ರಶ್ನೆಗಳು. ‘ಸಾಲ ಎಷ್ಟಿದೆ?’ ಎಂಬುದು ಅದರಲ್ಲಿ ಇಲ್ಲ. ಸೊಸೈಟಿ, ಅಪ್ಪು, ಸಂಘದ ದುಡ್ಡು ಎಂದು ಮೂರು ಬೇರೆ ಬೇರೆ ಕಲಮುಗಳಿವೆ. ಮೊದಲ ಪ್ರಶ್ನೆ ‘ಕೊನೆಯ ಬೋರು ಯಾವ ವರ್ಷ ಹಾಕಿಸಿದಿರಿ?’ ಎಂಬುದು. ಇದಕ್ಕೆ ವರ್ಷದ ಜೊತೆಗೆ ಎಷ್ಟು ಅಡಿ ಎಂಬುದನ್ನೂ ಜನ ಕೇಳದೆಯೇ ಹೇಳುತ್ತಿದ್ದರು.